ಭಾವನ ಹಿಂದಿನ ಸಾಲು

ನಮ್ಮ ಮಂಗಳೂರಿನಲ್ಲಿ ಕಡಿಮೆಯೆಂದರೂ ಮುನ್ನೂರು ಜನ ಟಿಕೆಟ್ ತೆಗೆದುಕೊಂಡು ಸಂಗೀತ ಕಾರ್ಯಕ್ರಮಕ್ಕೆ ಬಂದು, ಎರಡೂವರೆ ಗಂಟೆ ನನ್ನ ಭಾವನ ಹಿಂದಲೆಯನ್ನು ಮಾತ್ರ ನೋಡಿ ಮನೆಗೆ ಹೋಗಿದ್ದಾರೆ! ಉತ್ಪ್ರೇಕ್ಷೆ ಅಂತೀರಾ? ಹಾಗಾದರೆ ನೀವು ಆ ಮುನ್ನೂರರಲ್ಲಿ ಇಲ್ಲ. ನಿಮ್ಮ ಪುಣ್ಯ.

ಭಾವ ಎಂದರೆ ನನ್ನ ಅಕ್ಕನ ಗಂಡ. ಪಂಪ್‌ವೆಲ್‌ನಲ್ಲಿ ಟೈಲ್ಸ್ ಅಂಗಡಿ. ಎತ್ತರ ಆರು ಅಡಿ ಐದು ಇಂಚು. ಎತ್ತರ ಇರುವುದೇನೂ ತಪ್ಪಲ್ಲ, ತೆಂಗಿನಮರವೂ ಎತ್ತರವೇ. ಆದರೆ ತೆಂಗಿನಮರಕ್ಕೆ ಸಂಗೀತದ ಹುಚ್ಚಿಲ್ಲವಲ್ಲ! ಅದು ಬಂದು ನಿಮ್ಮ ಮುಂದಿನ ಕುರ್ಚಿಯಲ್ಲಿ ಕೂರುವುದಿಲ್ಲವಲ್ಲ! ಭಾವ ಕೂರುತ್ತಾರೆ. ಭಾವಗೀತೆ ಇರಲಿ, ಗಝಲ್ ಇರಲಿ, ಹಳೇ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಇರಲಿ, ಎಲ್ಲಿ ಮೈಕು ಕಟ್ಟಿದರೋ ಅಲ್ಲಿ ಭಾವ.

ಇಷ್ಟರ ಮೇಲೆ ದೇವರು ಅವರಿಗೆ ಇನ್ನೊಂದು ಅನ್ಯಾಯ ಮಾಡಿದ್ದಾನೆ. ಅಷ್ಟು ದೊಡ್ಡ ದೇಹದೊಳಗೆ ಪಾಪದ, ಸಂಕೋಚದ ಒಬ್ಬ ಪುಟ್ಟ ಮನುಷ್ಯನನ್ನು ಕೂರಿಸಿದ್ದಾನೆ. ಹಿಂದಿನ ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಭಾವ ತಿರುಗಿ, "ನನ್ನಿಂದ ತೊಂದರೆ ಆಯ್ತಾ?" ಎಂದು ಕೇಳುತ್ತಾರೆ. ಶೀತದ ಕೆಮ್ಮಿಗೂ ಕ್ಷಮೆ ಕೇಳುವ ಏಕೈಕ ವ್ಯಕ್ತಿ!

ಅಕ್ಕನ ನಿಶ್ಚಿತಾರ್ಥ ಆದ ಹೊಸತರಲ್ಲಿ ಮೂವರೂ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆವು. ಮೂರನೆಯವಳು ನಾನು, ಕಾವಲಿಗೆ. ಐದನೇ ಸಾಲು. ಗಾಯಕರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಹಿಂದಿನಿಂದ ಒಂದು ಗರ್ಜನೆ: "ನಿಂತವರು ಕೂತ್ಕೊಳ್ಳಿ!"

ಭಾವ ಸುತ್ತ ನೋಡಿದರು. ಯಾರೂ ನಿಂತಿರಲಿಲ್ಲ. "ಏ, ನೀಲಿ ಅಂಗಿಯವರೇ, ನಿಮಗೇ ಹೇಳುವುದು!"

ನನ್ನ ಅಕ್ಕ, ಇನ್ನೂ ಮದುವೆಯಾಗದ ಹುಡುಗಿ, ಎದ್ದು ನಿಂತು ಹೇಳಿದಳು: "ಕೂತೇ ಇದ್ದಾರೆ ಮಾರಾಯ್ರೆ!"

ಸಭೆಗೆ ಸಭೆಯೇ ನಕ್ಕಿತು. ಭಾವ ನಾಚಿ ಕುರ್ಚಿಯಲ್ಲಿ ಜಾರತೊಡಗಿದರು. ಮೇಲಿನದು ಇಳಿದರೆ ಕೆಳಗಿನದು ಎಲ್ಲಿಗೆ ಹೋಗಬೇಕು? ಅವರ ಮಂಡಿ ಮುಂದಿನವರ ಬೆನ್ನಿಗೆ ಹೋಯಿತು. ಆ ಮನುಷ್ಯ ತಾಳದಲ್ಲಿ ಎರಡು ಸಲ ತಿವಿಸಿಕೊಂಡು, ಮೂರನೇ ಸಲ ತಿರುಗಿ ಕೇಳಿದ: "ಮಸಾಜು ಟಿಕೆಟಿನಲ್ಲೇ ಬರ್ತದಾ, ಅಥವಾ ಬೇರೆಯಾ?" ವಿರಾಮದ ಹೊತ್ತಿಗೆ ಭಾವ ಎಷ್ಟು ಜಾರಿದ್ದರೆಂದರೆ, ಬಾಗಿಲಲ್ಲಿದ್ದ ಸ್ವಯಂಸೇವಕಿ ಓಡಿ ಬಂದು, "ಅವರಿಗೆ ಹುಷಾರಿಲ್ವಾ? ನೀರು ತರ್ಲಾ?" ಎಂದಳು.

ಅಂದಿನಿಂದ ಭಾವ ಕೊನೆಯ ಸಾಲಿನ ಮನುಷ್ಯ. ಹಿಂದೆ ಗೋಡೆ ಉಂಟು, ಗೋಡೆಗೆ ಕಣ್ಣಿಲ್ಲ, ನೆಮ್ಮದಿ! ಆದರೆ ಒಮ್ಮೆ ಆ ಗೋಡೆಗೂ ಅವರಿಗೂ ನಡುವೆ ವೀಡಿಯೊದವರು ಮೂರು ಕಾಲಿನ ಸ್ಟ್ಯಾಂಡ್ ತಂದಿಟ್ಟರು. "ಸರ್, ಫ್ರೇಮಿನಲ್ಲಿ ನಿಮ್ಮ ತಲೆ ಬರ್ತಾ ಉಂಟು." ಭಾವ ಎಡಕ್ಕೆ ಸರಿದರು. "ಇನ್ನೂ ಬರ್ತದೆ ಸರ್." ಸರಿದೂ ಸರಿದೂ ಒಂದು ಕಂಬದ ಹಿಂದೆ ಹೋಗಿ ಕೂತರು. ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಕೇಳಿದಳು, "ಹೇಗಿತ್ತು?"

"ಬಹಳ ಚಂದ. ಕಂಬ ಒಂದು ಕಡೆಯೂ ಶ್ರುತಿ ತಪ್ಪಲಿಲ್ಲ."

ಇಷ್ಟಾಗಿಯೂ ಆ ವೀಡಿಯೊ ಹೊರಬಂದಾಗ ಮುಂಬೈಯ ಚಿಕ್ಕಮ್ಮ ಫೋನ್ ಮಾಡಿದರು: "ಹಾಡುವವರ ಪಕ್ಕದಲ್ಲಿ ಕಪ್ಪಗೆ ಒಂದು ಕಾಣ್ತದಲ್ಲ, ಅದು ನಮ್ಮ ಅಳಿಯನ ಕಿವಿ ಅಲ್ವಾ?"

ಆಮೇಲೆ ಶುರುವಾಯಿತು ಸರ್ವೆ! ಕಾರ್ಯಕ್ರಮದ ಹಿಂದಿನ ದಿನವೇ ಭಾವ ಅಂಗಡಿಯ ಅಳತೆ ಟೇಪು ಹಿಡಿದು ಸಭಾಂಗಣಕ್ಕೆ ಹೋಗುತ್ತಾರೆ. ಟೈಲ್ಸಿನ ಲೆಕ್ಕ ಹಾಕುವ ಚೌಕುಳಿ ಕಾಗದದಲ್ಲಿ ಕುರ್ಚಿಗಳ ನಕ್ಷೆ ಬರೆಯುತ್ತಾರೆ. ಒಂದು ಕಡೆ ವಾಚ್‌ಮನ್ ಅವರನ್ನು ಹೊಸ ಕಂಟ್ರಾಕ್ಟರ್ ಎಂದು ತಿಳಿದು ಶೌಚಾಲಯಕ್ಕೆ ಕರೆದುಕೊಂಡು ಹೋಗಿ, "ಇಲ್ಲಿ ನೀರು ಸೋರ್ತದೆ ಸರ್," ಎಂದು ತೋರಿಸಿದನಂತೆ. ನಮ್ಮ ಭಾವ ಇಲ್ಲ ಅನ್ನುವ ಜಾತಿಯಾ? ಮರುದಿನ ಜನ ಕಳಿಸಿ ಸರಿಮಾಡಿಸಿದರು! ಆ ಸಭಾಂಗಣದಲ್ಲಿ ಇವತ್ತಿಗೂ ಅವರಿಗೆ ಸೀಟು ಸರಿಯಾಗಿ ಸಿಗುವುದಿಲ್ಲ, ಶೌಚಾಲಯ ಮಾತ್ರ ಲಕಲಕ.

ಈಗ ಅಮ್ಮನ ವಿಷಯ ಹೇಳಬೇಕು. ನನ್ನ ಅಮ್ಮ, ಅಂದರೆ ಭಾವನ ಅತ್ತೆ. ನಮ್ಮ ತುಳುವರಲ್ಲಿ ಅತ್ತೆಯನ್ನು ಕರೆಯುವುದು ಮಾಮಿ ಅಂತ. ಎತ್ತರ ನಾಲ್ಕು ಅಡಿ ಎಂಟು ಇಂಚು. ಮಾತು ಅದಕ್ಕಿಂತಲೂ ಗಿಡ್ಡ. ಅಕ್ಕನ ಮದುವೆಯಾಗಿ ಹದಿನೆಂಟು ವರ್ಷವಾದರೂ ಅಳಿಯನೊಡನೆ ಅವರ ಮಾತು ದೇವಸ್ಥಾನದ ಮೈಕಿನ ಹಾಗಿತ್ತು: "ಊಟಕ್ಕೆ ಬರಬಹುದು." "ಕಾಫಿ ಇಟ್ಟದ್ದು ಉಂಟು." ಭಾವನೂ ಕೈಕಟ್ಟಿ "ಆಯ್ತು ಮಾಮಿ" ಅನ್ನುತ್ತಿದ್ದರು. ಮುಗಿಯಿತು.

ಅಮ್ಮ ನಲವತ್ತು ವರ್ಷ ರೇಡಿಯೊದಲ್ಲಿ ಕೇಳಿದ ಗಾಯಕಿಯೊಬ್ಬರು ಕಳೆದ ವರ್ಷ ನಮ್ಮೂರಿಗೆ ಬಂದರು. ಅವರಿಗೂ ವಯಸ್ಸಾಗಿತ್ತು, ಇನ್ನು ಊರೂರು ತಿರುಗುವುದಿಲ್ಲ ಎಂದಿದ್ದರು. ಯಾವತ್ತೂ ಏನೂ ಕೇಳದ ಅಮ್ಮ ಕುಲಶೇಖರದ ನಮ್ಮ ಮನೆಯಲ್ಲಿ ಬಟ್ಟೆ ಮಡಚುತ್ತಾ, "ಅವರ ಮುಖ ಒಮ್ಮೆ ನೋಡಬೇಕಿತ್ತು," ಎಂದರು. ಅಷ್ಟೇ. ಭಾವ ಅಂದು ಸಂಜೆಯೇ ಮೂರನೇ ಸಾಲಿನ ನಾಲ್ಕು ಟಿಕೆಟ್ ತಂದರು. ಮೂರನೇ ಸಾಲು! ಹದಿನೆಂಟು ವರ್ಷದ ವ್ರತ ಭಂಗ!

ಮೈದಾನಕ್ಕೆ ಹೋಗಿ ನೋಡಿದರೆ, ನಮ್ಮ ಮೂರನೇ ಸಾಲಿನ ಮುಂದೆ ಗಣ್ಯರಿಗೆಂದು ಆರು ಸಾಲು ಸೋಫಾ. ಲೆಕ್ಕಕ್ಕೆ ಸೇರದ ಸಾಲುಗಳಂತೆ! ಎಡಕ್ಕೆ ಸ್ಪೀಕರುಗಳ ಗೋಪುರ. ಬಲಕ್ಕೆ ದೊಡ್ಡ ಪರದೆ, ಅದರಲ್ಲಿ ಗಾಯಕಿಯ ಮುಖ ಎರಡು ನಿಮಿಷ, ಚಿನ್ನದಂಗಡಿಯ ನೆಕ್ಲೇಸು ಹತ್ತು ನಿಮಿಷ. ಭಾವ ಸಂಘಟಕರ ಹತ್ತಿರ ಹೋದರು. "ಸರ್, ನಿಮಗೆಂತ ಕಾಣದ್ದು?" ಎಂದು ಅವರು ಭಾವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ನಕ್ಕರು.

ಗಾಯಕಿ ವೇದಿಕೆಗೆ ಬಂದದ್ದೇ ತಡ, ಸೋಫಾದವರು ಎದ್ದು ನಿಂತು ಫೋನ್ ಎತ್ತಿದರು. ಅವರ ಹಿಂದಿನವರು ಎದ್ದರು. ಅವರ ಹಿಂದಿನವರೂ ಎದ್ದರು. ಅಮ್ಮನ ಸುತ್ತ ಬೆನ್ನುಗಳ ಬಾವಿ. ಮಂಡಿ ನೋವಿನವರು, ಕುರ್ಚಿ ಹತ್ತುವುದು ಎಲ್ಲಿಂದ? ಎದ್ದರು, ಹಿಮ್ಮಡಿ ಎತ್ತಿದರು, ಮತ್ತೆ ಕೂತರು. ಮಡಿಲಲ್ಲಿ ಕೈ ಇಟ್ಟುಕೊಂಡು, "ಪರವಾಗಿಲ್ಲ, ಕೇಳ್ತದೆ," ಎಂದರು.

ಆಗ ಭಾವ ಎದ್ದು ನಿಂತರು. ಕುತ್ತಿಗೆ, ಬೆನ್ನು, ಭುಜ ಎಲ್ಲ ನೆಟ್ಟಗೆ. ಅವರು ಪೂರ್ತಿ ನಿಂತದ್ದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ!

"ಮಾಮಿ, ನಾನು ಹೇಳ್ತೇನೆ. ಈಗ ಕೂತರು. ಕುರ್ಚಿಯಲ್ಲಿ ಅಲ್ಲ, ಕೆಳಗೇ, ದಿಂಬು ಉಂಟು. ಈಗ ನೀರು ಕುಡಿದರು."

ಅಮ್ಮ ತಲೆ ಎತ್ತಿದರು. "ಸೀರೆ?" ಎಂದರು.

"ಐವರಿ ಮಾಮಿ. ಗ್ಲಾಸಿ ಅಲ್ಲ, ಮ್ಯಾಟ್ ಫಿನಿಶ್. ಬಾರ್ಡರ್ ಮಾತ್ರ ಮರೂನ್, ಒಂದು ನಾಲ್ಕು ಇಂಚು ಇರಬಹುದು."

"ಕೂದಲು?"

"ಪೂರ್ತಿ ಬಿಳಿ. ಮಲ್ಲಿಗೆ ಮುಡಿದಿದ್ದಾರೆ. ಈಗ ಕಣ್ಣು ಮುಚ್ಚಿದರು... ಈಗ ತಬಲಾದವರನ್ನು ನೋಡಿ ನಕ್ಕರು. ಒಂದು ಹಲ್ಲು ಸ್ವಲ್ಪ ಮುಂದೆ ಉಂಟು ಮಾಮಿ, ಚಂದ ಕಾಣ್ತದೆ."

ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಹದಿನೆಂಟು ವರ್ಷದಲ್ಲಿ ಆಡದ ಮಾತನ್ನೆಲ್ಲ ಆ ಇಬ್ಬರು ಮೂರು ಹಾಡಿನಲ್ಲಿ ಆಡಿಬಿಟ್ಟರು.

ನಾಲ್ಕನೇ ಹಾಡಿಗೆ ಹಿಂದಿನಿಂದ ಬಂತು ನೋಡಿ: "ಏ ಉದ್ದದವರೇ, ಬಗ್ಗಿ ಮಾರಾಯ್ರೆ! ನಮಗೆಂತ ನಿಮ್ಮ ಬೆನ್ನು ನೋಡುವುದಾ?"

ಭಾವನ ಭುಜ ತಾನಾಗಿಯೇ ಕುಸಿಯತೊಡಗಿತು. ಅಷ್ಟರಲ್ಲಿ ಅಮ್ಮ, ಬಸ್ಸಿನ ಕಂಡಕ್ಟರಿಗೂ ಕೇಳದಷ್ಟು ಮೆತ್ತಗೆ ಮಾತಾಡುವ ನನ್ನ ಅಮ್ಮ, ಕುರ್ಚಿ ಹಿಡಿದು ಎದ್ದು ಹಿಂದೆ ತಿರುಗಿ ತುಳುವಿನಲ್ಲಿ ಕೂಗಿದರು:

"ಆಯೆ ಎನ್ನ ಮಗೆ! ಉಂತಡ್!"

ಅವನು ನನ್ನ ಮಗ. ನಿಲ್ಲಲಿ.

ಹಿಂದಿನ ಸಾಲು ಗಪ್‌ಚಿಪ್. ಭಾವನೂ ಗಪ್‌ಚಿಪ್. ವೇದಿಕೆಯಲ್ಲಿ ಪಲ್ಲವಿ ಮುಗಿದು ಚರಣ ಶುರುವಾಯಿತು. ಅಮ್ಮ ಕೂತು, ಭಾವನ ಅಂಗಿಯ ತುದಿ ಹಿಡಿದು ಎಳೆದರು.

"ಎಂತ ಸುಮ್ಮನಾದದ್ದು ನೀನು? ಈಗ ಎಂತ ಮಾಡ್ತಿದ್ದಾರೆ, ಹೇಳು."

"ಒಂದು ನಿಮಿಷ ಮಾಮಿ," ಎಂದರು ಭಾವ, ಆ ಎತ್ತರದಲ್ಲಿ ಕನ್ನಡಕ ತೆಗೆದು ಒರೆಸುತ್ತಾ. "ಈಗ ನನಗೂ ಎಂತದೂ ಕಾಣುವುದಿಲ್ಲ."