ಹತ್ತನೆಯ ಕೋಳಿ

ಹೊಳೆನರಸೀಪುರದ ಡ್ರಿಲ್ ಮೇಷ್ಟ್ರು ಜ್ಞಾನಮಿತ್ರ ಜಿಪುಣರೇನಲ್ಲ, ಲೆಕ್ಕದ ಮನುಷ್ಯ ಅಷ್ಟೆ. ಹಿತ್ತಲಲ್ಲಿ ಒಂಬತ್ತು ಹ್ಯಾಟೆ, ಒಂದು ಮುದಿ ಹುಂಜ. ಚರ್ಚಿನ ಸುಗ್ಗಿ ಹಬ್ಬಕ್ಕೆ ಹತ್ತರಲ್ಲೊಂದು ದೇವರ ಪಾಲು. ಹೆಂಡತಿ ಸುಗುಣಮ್ಮನ ತವರಿನ ಪದ್ಧತಿಯಂತೆ, ಬೆಳಿಗ್ಗೆ ಗೂಡು ತೆಗೆದಾಗ ಹತ್ತನೆಯದಾಗಿ ಹೊರಬಂದದ್ದೇ ಕಾಣಿಕೆ. ಆರಿಸುವಂತಿಲ್ಲ.

ತೊಂಬತ್ತೆಂಟರ ಹಬ್ಬದ ಭಾನುವಾರ ಹುಂಜವೇ ಮೊದಲು ಬಂತು. ಕೊನೆಗೆ ಗತ್ತಿನಿಂದ ಇಳಿದದ್ದು ಬೆಳ್ಳಿ, ಮೇಷ್ಟ್ರ ಬೆಳಗಿನ ಆಮ್ಲೆಟ್ಟಿಗೆ ದಿನ ತಪ್ಪದೆ ಮೊಟ್ಟೆಯಿಡುವ ಹ್ಯಾಟೆ. ಸುಗುಣಮ್ಮ ಸ್ನಾನಕ್ಕೆ ಹೋದದ್ದೇ ತಡ, ಮೇಷ್ಟ್ರು ಹುಂಜವನ್ನು ಚೀಲಕ್ಕೆ ತುರುಕಿ ಸೈಕಲ್ ಹತ್ತಿದರು.

ಪಕ್ಕದ ಮನೆಯ ಬೋರಪ್ಪ ಗೋಡೆಯಾಚೆಯಿಂದ ಎಲ್ಲ ನೋಡಿದ್ದ. "ಏನ್ ಸಾ, ಈ ಸಲ ಹಿಂದ್ಲಿಂದ ಎಣಿಸುದ್ರಾ?"

"ನಿನ್ ಕೆಲ್ಸ ನೋಡ್ಕೊಳಪ್ಪ" ಎಂದು ಮೇಷ್ಟ್ರು ಪೆಡಲ್ ತುಳಿದರು.

ಚರ್ಚಿನಲ್ಲಿ ಕುಂಬಳಕಾಯಿ, ರಾಗಿಮೂಟೆಗಳ ನಡುವೆ ಸೊಪ್ಪು ಮಾರುವ ಮುದುಕಿ ರಾಹೇಲಮ್ಮ ತನ್ನ ಒಂದೇ ಕೋಳಿಯನ್ನು ಹಿಡಿದು ನಿಂತಿದ್ದಳು. "ಇರೋದೊಂದು, ಅದ್ನೂ ತಂದ್ಯಾ ತಾಯಿ?" ಎಂದರು ಪಾದ್ರಿ ಅಯ್ಯನವರು.

"ಒಂದ್ರಲ್ಲಿ ಹತ್ತನೇ ಪಾಲು ಅಂದ್ರೆ ರೆಕ್ಕೆ ಕಿತ್ಕೊಡ್ಲಾ ಅಯ್ನೋರೆ? ಪೂರ್ತಿನೇ ಮಡೀಕಳಿ."

ಅವಳ ಮುಖದ ಸಂತೋಷ ಕಂಡು ಮೇಷ್ಟ್ರಿಗೆ ನಿಜಕ್ಕೂ ನಾಚಿಕೆಯಾಯಿತು. ಆಮ್ಲೆಟ್ಟಿನ ಆಸೆ ಅದಕ್ಕಿಂತ ಒಂದು ಕೈ ಮೇಲಿತ್ತು. ಚೀಲವನ್ನು ಮೆಲ್ಲಗೆ ಕಾಣಿಕೆಯ ಮೇಜಿನ ಕೆಳಗೆ ತಳ್ಳಿದರು.

ಆರಾಧನೆ ಮುಗಿಯುವಷ್ಟರಲ್ಲಿ ಸುಗುಣಮ್ಮ ಏದುಸಿರು ಬಿಡುತ್ತ ಬಂದಳು. ಸೆರಗಿನಡಿಯಲ್ಲಿ ಬೆಳ್ಳಿ. "ರೀ, ಅವಸರದಲ್ಲಿ ಬೇರೇದು ತಂದ್ಬಿಟ್ಟಿದ್ದೀರ."

"ಹಾಗಾದ್ರೆ ಹುಂಜ ವಾಪಸ್..."

"ದೇವರಿಗೆ ಅಂತ ತಂದಿದ್ದನ್ನ ವಾಪಸ್ ಒಯ್ತಾರಾ? ಎರಡೂ ಇರ್ಲಿ."

ಕಾಣಿಕೆಗಳ ಹರಾಜು ಶುರುವಾಯಿತು. ಬೆಳ್ಳಿಯ ಸರದಿ ಬಂದಾಗ ಬೋರಪ್ಪನೂ ಹಾಜರು. ಒಳ್ಳೆ ಕೋಳಿಗೆ ಅವನು ಯಾವ ಹಬ್ಬಕ್ಕಾದರೂ ಬರುವವನೇ. ಮೇಷ್ಟ್ರು ಎಂಬತ್ತು ಎಂದರೆ ಅವನು ನೂರು. ಮೇಷ್ಟ್ರು ಹಟಕ್ಕೆ ಬಿದ್ದು ಜೇಬಿನಲ್ಲಿದ್ದ ಮುನ್ನೂರನ್ನೂ ಕೂಗಿಬಿಟ್ಟರು.

ಚರ್ಚೆಲ್ಲ ತಿರುಗಿ ನೋಡಿತು. ಅಯ್ಯನವರ ಕಣ್ಣು ಒದ್ದೆಯಾಗಿತ್ತು. "ರಾಹೇಲಮ್ಮನ ಗೂಡು ಖಾಲಿಯಾಯ್ತು, ಅವಳಿಗೆ ಕೊಡೋಣ ಅಂತ ತಾನೆ ಮೇಷ್ಟ್ರೆ, ಇಷ್ಟು ಕೊಟ್ಟು ತಗೊಂಡಿದ್ದು?"

ಚಪ್ಪಾಳೆಯೋ ಚಪ್ಪಾಳೆ. ಸುಗುಣಮ್ಮ ಮದುವೆಯ ದಿನವೂ ನೋಡದಷ್ಟು ಹೆಮ್ಮೆಯಿಂದ ಗಂಡನನ್ನು ನೋಡಿದಳು. ಆ ನೋಟದ ಮುಂದೆ ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಬೆಳ್ಳಿ ಹೋಗಿ ರಾಹೇಲಮ್ಮನ ಮಡಿಲಲ್ಲಿ ಕೂತಿತು. ಮುದುಕಿ ಕೈಮುಗಿದಾಗ ಮೇಷ್ಟ್ರ ಎದೆ ಯಾಕೋ ಹಗುರಾಯಿತು.

ಸೈಕಲ್ ತೆಗೆಯುವಾಗ ಅಯ್ಯನವರು ಹಿಂದೆಯೇ ಬಂದರು.

"ಇದಕ್ಕೆ ಯಾರೂ ಸವಾಲ್ ಕೂಗ್ಲಿಲ್ಲ ಮೇಷ್ಟ್ರೆ. ಇಷ್ಟು ಕೊಟ್ಟವರು ಬರಿಗೈಲಿ ಹೋಗ್ಬಾರ್ದು" ಎಂದು ಮುದಿ ಹುಂಜದ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿದರು.