ಕಿವಿಯಲ್ಲಿ ಪಂದ್ಯ, ಬಾಗಿಲಲ್ಲಿ ಬಟ್ಟೆ

ಇಲ್ಲ ಕಣೇ, ಅದು ಹಿರಿಯಳಿಯ. ನಾನು ಹೇಳುತ್ತಿರುವುದು ಅಂಪೊನ್ಸಾನ ಕಥೆ, ನನ್ನ ಕಿರಿಮಗಳು ಸೆರ್ವಾಳ ಗಂಡ. ಚಿನ್ನದಂಥವನು, ಮೀನು ತಂದರೆ ನನಗೆಂದು ತಲೆಯನ್ನು ಬೇರೆ ಕಟ್ಟಿಸಿಕೊಂಡು ಬರುತ್ತಾನೆ. ಇರಲಿ. ಕುಮಾಸಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಾನಲ್ಲ, ಆ ಶನಿವಾರ ಎದೆಯುಬ್ಬಿಸಿ ಹೇಳಿದ: “ನನ್ನ ಹೆಸರು ಬರ್ಕೊಳ್ಳೋ ಪೊಲೀಸು ಇನ್ನೂ ಹುಟ್ಟಿಲ್ಲ ಅತ್ತೆ!”

ಹೇಳಿದವನೇ ಎರಡೂ ಕಿವಿಗೆ ಕಡಲೆಕಾಳಿನಷ್ಟು ಇಯರ್‌ಫೋನ್ ತುರುಕಿಕೊಂಡ. ಎಜುರಾದಲ್ಲಿ ಸೆರ್ವಾಳ ಗೆಳತಿಯ ಸೋದರಮಾವನ ಸಾವಿನ ಕಾರ್ಯ, ಇಬ್ಬರೂ ಅಲ್ಲಿಗೇ ಹೊರಟಿದ್ದು. ಅದೇ ಹೊತ್ತಿಗೆ ನಮ್ಮೂರ ತಂಡದ ಫುಟ್‌ಬಾಲ್ ಪಂದ್ಯ! ಮುಂದಿನ ಸೀಟಿನಲ್ಲಿ ಸೋಡಾ ಪೆಟ್ಟಿಗೆ, ಹಿಂದೆ ಸೆರ್ವಾ. ಅವಳು ದಾರಿಯುದ್ದಕ್ಕೂ ಏನೋ ಕೂಗಿದಳು. ಇವನು “ಹೂಂ, ಹೂಂ” ಎಂದು ತಲೆಯಾಡಿಸಿದ. ಭುಜಕ್ಕೆ ಗುದ್ದಿದಳು. ಗೋಲಿನ ಸಂಭ್ರಮವೆಂದುಕೊಂಡು ಹಾರನ್ ಬಾರಿಸಿದ!

ಆಗ ಪೊಲೀಸಪ್ಪ ಕೈ ಅಡ್ಡ ಹಾಕಿದ. ಇವನು ಗಾಡಿ ನಿಲ್ಲಿಸಿ ಪಂದ್ಯದ ಸದ್ದು ಅಡಗಿಸಿದ. “ಏನ್ರೀ ಅದು ಕಿವೀಲಿ?”

ಅಂಪೊನ್ಸಾ ಗಾಬರಿಬಿದ್ದ. ಇದು ಅಪರಾಧವೋ ಅಲ್ಲವೋ ಅವನಿಗೇನು ಗೊತ್ತು! ಲೈಸೆನ್ಸ್ ಹೋದರೆ ಮನೆಯ ಒಲೆಯೇ ಆರಿದಂತೆ.

“ಕಿವುಡರ ಮಿಷನ್ನು ಸಾರ್. ನಂಗೆ ಕಿವಿ ಕೇಳ್ಸಲ್ಲ.”

“ಅಯ್ಯೋ ಪಾಪ! ಕಿವಿ ಕೇಳ್ಸದೆ ಟ್ಯಾಕ್ಸಿ ಓಡಿಸ್ತೀರಾ? ಡಾಕ್ಟರ ಚೀಟಿ ಎಲ್ಲಿ? ಕೊಡಿ ಲೈಸೆನ್ಸು!”

ಮುಗಿಯಿತು ಕಥೆ! ಲೈಸೆನ್ಸ್ ಪೊಲೀಸಪ್ಪನ ಕೈ ಸೇರಿತು. ಅವನು ಪುಸ್ತಕ ಬಿಚ್ಚಿ, ಪೆನ್ನಿನ ಮುಚ್ಚಳ ಕಚ್ಚಿಕೊಂಡು, ತನ್ನಷ್ಟಕ್ಕೇ ಗೊಣಗಿದ: “ಥತ್, ಇವತ್ತಿನ ಮ್ಯಾಚು ಏನಾಯ್ತೋ ಏನೋ...”

“ಎರಡು-ಒಂದು ಸಾರ್, ನಮ್ಮೋರೇ ಮುಂದೆ!” ಎಂದುಬಿಟ್ಟ ನಮ್ಮ ಮಹಾ ಕಿವುಡ!

ಪೊಲೀಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಪೊನ್ಸಾ ಮೆಲ್ಲಗೆ ಕೇಳಿದ: “ಇಯರ್‌ಫೋನ್ ಹಾಕ್ಕೊಳ್ಳೋದು ತಪ್ಪಾ ಸಾರ್?”

“ಕಾನೂನು ಪುಸ್ತಕ ನೋಡಿ ಹೇಳ್ಬೇಕು. ನಾನು ನಿಲ್ಸಿದ್ದು ಅದಕ್ಕಲ್ಲ ಮಾರಾಯ್ರೆ, ಆ ಬಟ್ಟೆಗೆ!”

ಸೆರ್ವಾ ಉಟ್ಟಿದ್ದ ಹೊಸ ಕಪ್ಪು ಬಟ್ಟೆಯ ಅಂಚು ಬಾಗಿಲಿಗೆ ಸಿಕ್ಕಿ, ಮೂರು ಊರಿನ ಕೆಂಧೂಳು ಗುಡಿಸಿಕೊಂಡು ಬಂದಿತ್ತು!

“ಗೋಲಂತೆ ಗೋಲು! ಬಟ್ಟೆ ಸಿಕ್ಕಾಕ್ಕೊಂಡಿದೆ ನಿಲ್ಸ್ರೀ ಅಂತ ಬಡ್ಕೊಂಡೆನಲ್ರೀ!”

ಪೊಲೀಸಪ್ಪ ಇಯರ್‌ಫೋನ್ ಬಿಚ್ಚಿಸಿ ಅದನ್ನು ಅವಳಿಗೂ ಲೈಸೆನ್ಸನ್ನು ಅವನಿಗೂ ಕೊಟ್ಟ. “ಕಾನೂನು ಏನೇ ಹೇಳ್ಲಿ, ಎಜುರಾ ಬರೋವರ್ಗೂ ಅಮ್ಮಾವ್ರ ಮಾತು ಕೇಳ್ಕೊಂಡು ಹೋಗಿ. ಅದೇ ಶಿಕ್ಷೆ.”

ಉಸ್ಸಪ್ಪಾ! ಅಷ್ಟಕ್ಕೇ ಬಿಟ್ಟನಲ್ಲ, ಅವನ ಹೊಟ್ಟೆ ತಣ್ಣಗಿರಲಿ.

ಏಳು ಮಗಳೇ, ಅಂಪೊನ್ಸಾ ಅಂಗಳದಲ್ಲಿ ಟ್ಯಾಕ್ಸಿ ತೊಳೆಯುತ್ತಿದ್ದಾನೆ, ಫುಫು ಮುದ್ದೆ ಆರುವ ಮೊದಲು ಊಟಕ್ಕೆ ಕರೆದುಕೊಂಡು ಬಾ. ಕೂಗಬೇಡ, ಮೆಲ್ಲಗೆ ಹೇಳು ಸಾಕು, ಈಗೀಗ ಸೆರ್ವಾ ನಿಟ್ಟುಸಿರು ಬಿಟ್ಟರೂ “ಏನಂದೆ?” ಎಂದು ಓಡಿ ಬರುತ್ತಾನೆ!