ಸ್ವತಂತ್ರ ಸಂಶೋಧಕ ಮಾಮಾ

ನೀವು ನಂಬೂದಿಲ್ಲ, ನನಗ ಗೊತ್ತದ. ನಂಬಬ್ಯಾಡ್ರಿ, ಬರೇ ಕೇಳ್ರಿ. ನಮ್ಮ ಬಸವಕಲ್ಯಾಣದಾಗ ಭೌತಶಾಸ್ತ್ರದಿಂದ ಹಿಡದು ಜೋಗುಳ ಪದದ ತನಕ, ಚಾಲುಕ್ಯರಿಂದ ಹಿಡದು ಚಿಕ್ಕಾಡು ಹುಳದ ತನಕ, ಎಲ್ಲಾ ವಿಷಯದಾಗೂ ಸರ್ಟಿಫಿಕೇಟ್ ಇರೋ ಮನಷ್ಯಾ ಒಬ್ಬನ ಒಬ್ಬ ಇದ್ದಾನ. ಅಂವ ನಮ್ಮ ಮಾಮಾ, ಅವ್ವನ ತಮ್ಮ. ಅಂವ ಪಿಯುಸಿ ಫೇಲು!

ಹ್ಯಾಂಗ ಅಂತೀರಿ? ಸೆಮಿನಾರ್! ಮಂದಿ ಕರೀಲಾರದ ಮದಿವಿಗೆ ಹೋಗ್ತಾರಲ್ಲ, ನಮ್ಮ ಮಾಮಾ ಕರೀಲಾರದ ವಿಚಾರ ಸಂಕಿರಣಕ್ಕ ಹೋಗ್ತಾನ. ಕಲ್ಯಾಣ ಆಗ್ಲಿ, ಹುಮನಾಬಾದ ಆಗ್ಲಿ, ಕಾಲೇಜಿನ ಗೇಟಿಗೆ ಬ್ಯಾನರ್ ಬಿತ್ತು ಅಂದ್ರ ಇವನ ಅಂಗಿಗೆ ಇಸ್ತ್ರಿ ಬಿತ್ತು. ಬಿಳಿ ಅಂಗಿ, ನಂಬರ್ ಇಲ್ಲದ ಚಸ್ಮಾ, ಕಿಸೇದಾಗ ಎರಡು ಪೆನ್ನು. ಒಂದರಾಗ ರಿಫಿಲ್ ಇಲ್ಲ, ಅದು ಬರೇ ತೂಕಕ್ಕ.

ಬಾಗಲದಾಗ ಹೆಸರು ಬರ್ಸಕೊಳ್ಳೋ ಹುಡುಗಿ ಕೇಳ್ತಾಳ, "ಯಾವ ಕಾಲೇಜು ಸರ್?"

ಮಾಮಾ ಚಸ್ಮಾ ಜರಾ ಕೆಳಗ ಜಾರಿಸಿ ಹೇಳ್ತಾನ, "ಸ್ವತಂತ್ರ ಸಂಶೋಧಕ."

ಮುಗೀತು! ಆ ಹುಡುಗಿ ಎದ್ದು ನಿಂತು ಚೀಲಾ ಕೊಡ್ತಾಳ.

ಚೀಲಾ ಅಂದೆ, ಅದರ ಕಥಿ ಬ್ಯಾರೆನ ಅದ. ಒಂದೊಂದು ಸೆಮಿನಾರಿಗೆ ಒಂದೊಂದು ಸೆಣಬಿನ ಚೀಲಾ, ಅದರ ಮ್ಯಾಲೆ ವಿಷಯದ ಹೆಸರು. ನಮ್ಮ ಮನ್ಯಾಗ ಉಳ್ಳಾಗಡ್ಡಿ ಇರೂದು 'ಉಷ್ಣಗತಿಶಾಸ್ತ್ರ'ದಾಗ. ಬಳ್ಳೊಳ್ಳಿ 'ಮಧ್ಯಕಾಲೀನ ಆಡಳಿತ'ದಾಗ. ಹಳೇ ಚಪ್ಪಲಿ ಎಲ್ಲಾ 'ಮಹಿಳಾ ಸಬಲೀಕರಣ'ದಾಗ ಇದ್ವು, ಅವ್ವ ನೋಡಿ ಸಿಟ್ಟಿಗೆದ್ದು ಅವನ್ನ 'ಷೇರು ಮಾರುಕಟ್ಟೆ'ಗೆ ವರ್ಗಾ ಮಾಡಿದ್ಲು. ನನ್ನ ಊಟದ ಡಬ್ಬಿಗೆ ಸಿಕ್ಕಿದ್ದು ಯಾವುದು ಗೊತ್ತೇನು? 'ಪರೋಪಜೀವಿ ಹುಳುಗಳು: ಹೊಸ ನೋಟಗಳು'. ಆವತ್ತಿನಿಂದ ಕಾಲೇಜಿನಾಗ ನನ್ನ ಡಬ್ಬಿಗೆ ಯಾರೂ ಕೈ ಹಾಕಿಲ್ಲ. ಇದಕ್ಕಿಂತ ದೊಡ್ಡ ಸಂಶೋಧನಾ ಯಾವುದದ ಹೇಳ್ರಿ?

ಸಂಜಿಗೆ ಅವ್ವ ರೊಟ್ಟಿ ಬಡಿಯಾಕ ಕುಂತಾಗ ಮಾಮಾ ಒಲಿ ಮುಂದ ಬಂದು ಕುಂದ್ರಾವ. ಕೇಳಿದ್ದೆಲ್ಲಾ ಅಲ್ಲೇ ಹೇಳಬೇಕು, ಹೇಳಿದ ಮ್ಯಾಲೇ ರೊಟ್ಟಿ. ಇದು ನಮ್ಮ ಮನಿ ಕಾಯ್ದೆ. ಖರೇ ಹೇಳ್ಬೇಕಂದ್ರ ಮಾಮಾನ ತಲಿಯೊಳಗ ಎಲ್ಲಾ ವಿಷಯ ಕೂಡಿ ಉಸುಳಿ ಆಗಿರ್ತಾವ.

"ಅಕ್ಕಾ, ಚಾಲುಕ್ಯರ ಕಾಲದಾಗ ಕಬ್ಬು ಕೊರೆಯೋ ಹುಳಾ ಸುಂಕ ಕೊಡ್ತಿತ್ತಂತ!"

ಅವ್ವನ ಕೈ ನಿಲ್ಲೂದಿಲ್ಲ. ಟಪ್ ಟಪ್ ಟಪ್. "ಸುಂಕ ಇವತ್ತಿಂದು. ಹುಳಾ ಹೋದ ವಾರದ್ದು. ಬ್ಯಾರೆ ಬ್ಯಾರೆ ಇಡು."

"ಹಾಂ ಹಾಂ. ನಾಳೆ ನಕ್ಷತ್ರ ಸಾಯೂದು ಅದ ಅಕ್ಕಾ."

"ಯಾವ ರೋಗ ಬಂದು ಸಾಯ್ತಾವಂತ? ಜ್ವರಾ ಏನು?" ಅಂತ ನಾ ಕೇಳಿದೆ. ಅವ್ವ ನನ್ನ ಕಡಿ ನೋಡಿದ್ಲು. ಆ ನೋಟಕ್ಕ ನಾನು ಎದ್ದು ಓದಾಕ ಹೋದೆ. ಅಂದ್ರ ಮೊಬೈಲ್ ನೋಡಾಕ.

ಅವ್ವಗ ಈ ಮಾತು ಯಾಕ ಹಿಡಸ್ತಾವ ಅಂತ ನಿಮಗ ಅನಸಬಹುದು. ಅವ್ವ ಬಿ.ಎಸ್ಸಿ. ಎರಡನೇ ವರ್ಷದ ತನಕ ಓದ್ಯಾಳ. ಮುಂದ ಯಾಕ ಓದಲಿಲ್ಲ ಅಂದ್ರ, ನಾನು ಹುಟ್ಟಿದೆ. ನೋಡ್ರಿ, ಉನ್ನತ ಶಿಕ್ಷಣಕ್ಕ ನನ್ನ ಕೊಡುಗೆ!

ಮಾಮಾ ಸೆಮಿನಾರಿನಾಗ ಊಟಾ ಮಾಡಿ ಸುಮ್ಮ ಬರಾವಲ್ಲ, ಪ್ರಶ್ನೆ ಕೇಳ್ತಾನ. ಒಂದ ಪ್ರಶ್ನೆ. ನಕ್ಷತ್ರದ ಸೆಮಿನಾರಿನಾಗ ಎದ್ದು ನಿಂತು, "ಸರ್, ನಕ್ಷತ್ರ ಸತ್ತ ಮ್ಯಾಲೂ ಬೆಳಕು ನಮಗ ಬರಾಕತ್ತಿರ್ತದ ಅಂದ್ರಿ. ಹಂಗಾದ್ರ ಸತ್ತದ್ದು ಯಾವುದು, ಇದ್ದದ್ದು ಯಾವುದು ಅಂತ ಇಲ್ಲಿ ಕುಂತವರಿಗೆ ಹ್ಯಾಂಗ ತಿಳೀಬೇಕು?" ಅಂದ. ಶಾಸನದ ಸೆಮಿನಾರಿನಾಗ, "ದಾನಾ ಕೊಟ್ಟವರ ಹೆಸರು ಅದ. ಕಲ್ಲು ಕೆತ್ತಾವಗ ಮಧ್ಯಾಹ್ನದ ರೊಟ್ಟಿ ಯಾರು ಒಯ್ದು ಕೊಟ್ರು, ಎಲ್ಯಾರ ಬರದದೇನ್ರಿ?" ಅಂದ.

ನನಗ ಆಶ್ಚರ್ಯ ಅಂದ್ರ ಇದ! ಸುಂಕಾ ಹುಳಾ ಕೂಡ್ಸಿ ಕಲಸೋ ಮನಷ್ಯಾಗ ಇಂಥಾ ಪ್ರಶ್ನೆ ಹ್ಯಾಂಗ ಹೊಳೀತಾವ? ಅದೂ ಭಾಷಣ ಚಾಲೂ ಆಗೂಕಿಂತ ಮೊದಲ ತಯಾರ್ ಇರ್ತಾವ! ನಾ ಕೇಳಿದ್ರ ಮಾಮಾ, "ಸಂಶೋಧಕರ ಗುಟ್ಟು ಕೇಳಬಾರ್ದವ್ವಾ ಪೋರಿ," ಅಂತ ರಿಫಿಲ್ ಇಲ್ಲದ ಪೆನ್ನು ತಿರುಗಸ್ತಾನ.

ಇಷ್ಟೆಲ್ಲಾ ನಡದಾಗ ಅಪ್ಪಂದು ಬೀಜ-ಗೊಬ್ಬರದ ಅಂಗಡಿ. ಅದನ್ನ ನೋಡಕೊಳ್ಳಾವ ಯಾರು? ಮಾಮಾನ! ಕಡ್ಲಿ ಬಿತ್ತೂ ದಿನ, ಮಂಠಾಳದಿಂದ ರೈತರು ಟಂಟಂ ಆಟೋ ಮಾಡ್ಕೊಂಡು ಬಂದ್ರ ಅಂಗಡಿಗೆ ಕೀಲಿ. ಇವನು ಕಾಲೇಜಿನಾಗ ಕ್ವಾಂಟಮ್ ಕೇಳಾಕತ್ತಾನ.

ಆವತ್ತು ಅಪ್ಪ ಜೋರ್ ಮಾಡ್ಲಿಲ್ಲ. ಅದಕ್ಕ ನಮಗೆಲ್ಲಾ ಅಂಜಿಕಿ ಬಂತು. ಸಾವಕಾಶ ಹೇಳಿದ, "ಪ್ರೊಫೆಸರ್ ಸಾಹೇಬ್ರ, ಇನ್ನೊಮ್ಮೆ ಅಂಗಡಿ ಬಂದ್ ಆಗಿದ್ದು ಕಂಡೆ ಅಂದ್ರ, ಚೀಲಾ ಎಲ್ಲಾ ಕಟಗೊಂಡು ನಿಮ್ಮೂರು ಘಾಟಬೋರಾಳದ ಬಸ್ ಹತ್ತರಿ. ಅಲ್ಲಿ ಹೊಲಾ ಅದ, ಎಮ್ಮಿ ಅದಾವ. ಅವಕ್ಕ ಪ್ರಶ್ನೆ ಕೇಳ್ರಿ."

"ಆತು ಭಾವ," ಅಂದ ಮಾಮಾ. ಆ ಸಂಜಿ ರೊಟ್ಟಿ ಸೀದಿದ್ವು. ನಮ್ಮ ಅವ್ವನ ಕೈಯಾಗ ರೊಟ್ಟಿ ಸೀಯೂದಂದ್ರ, ಕಲ್ಯಾಣದ ಕಿಲ್ಲಾ ತಾನ ಎದ್ದು ಬಸ್‌ಸ್ಟ್ಯಾಂಡಿಗೆ ಹೋದಂಗ!

ಮಾಮಾ ಒಂದಷ್ಟು ದಿನ ಸೆಮಿನಾರ್ ಬಿಟ್ಟು ಅಂಗಡ್ಯಾಗ ಕುಂತ. ಅಷ್ಟರಾಗ ಹುಮನಾಬಾದಿನ ಒಂದು ಕಾಲೇಜಿನಾಗ ಬ್ಯಾನರ್ ಬಿತ್ತು: 'ಬಹುಶಿಸ್ತೀಯ ವಿಚಾರ ಸಂಕಿರಣ'. ಬಹುಶಿಸ್ತೀಯ ಅಂದ್ರ ಎಲ್ಲಾ ವಿಷಯ ಒಂದ ಮಂಟಪದಾಗ! ಕುಡಿಯೂದು ಬಿಟ್ಟವನ ಮುಂದ ದಾರೂದ ಹೊಳಿನ ತಂದು ನಿಂದರಿಸಿದ್ರ ಹ್ಯಾಂಗ ತಡೀಬೇಕು? ಅಪ್ಪ ಮಾಲು ತರಾಕ ಕಲಬುರಗಿಗೆ ಹೋದ. ಇತ್ತ ಅಂಗಡಿ ಶಟರ್ ಕೆಳಗ ಬಂತು. ನಂಗೂ ಕಾಲೇಜು ಸೂಟಿ, 'ಸಹಾಯಕ ಸಂಶೋಧಕಿ' ಅಂತ ಬೆನ್ನು ಹತ್ತಿದೆ.

ಬಸ್ಸಿನಾಗ ಮಾಮಾ ಕಣ್ಣು ಮುಚ್ಚಿ ಮಣಮಣ ಅನ್ನಾಕತ್ತಿದ್ದ. "ಬಿತ್ತಲಾರದ, ಬೀಜದಾಗ ಜೀವ ಅದನೋ ಇಲ್ಲೋ ಹ್ಯಾಂಗ ತಿಳೀತದ? ಬಿತ್ತಲಾರದ, ಬೀಜದಾಗ..."

"ಏನ್ ಮಾಮಾ, ಮಂತ್ರಾನ?"

"ಮಾತಾಡಿಸಬ್ಯಾಡ, ಮರೀತೀನಿ!"

ತಾನ ಹುಟ್ಟಸಿದ ಪ್ರಶ್ನೆ ಯಾರಾರ ಮರೀತಾರ? ನನಗ ಜರಾ ಸಂಶೆ ಬಂತು. ಆದ್ರ ಊಟದಾಗ ಹೋಳಿಗಿ ಅದ ಅಂತ ಕೇಳಿದ್ದೆ, ಸಂಶೆ ಅಲ್ಲೇ ಬಿಟ್ಟೆ.

ಅಲ್ಲಿ ನೋಡಿದ್ರ ಗದ್ದಲ! ಮೊದಲನೇ ಗೋಷ್ಠಿಯ ಅಧ್ಯಕ್ಷರು ಹಳ್ಳಿಖೇಡದ ಹತ್ರ ಕಬ್ಬಿನ ಟ್ರ್ಯಾಕ್ಟರಿನ ಸಾಲಿನಾಗ ಸಿಕ್ಕಾರಂತ. ಪ್ರಿನ್ಸಿಪಾಲರು ಬೆವರ ಒರಸ್ಕೋತ ಹೊರಗ ಬಂದ್ರು, ಮಾಮಾನ ಮಾರಿ ನೋಡಿದ್ರು, ದೇವರು ಸಿಕ್ಕಂಗ ಕೈ ಹಿಡದ್ರು.

"ಸರ್! ನಿಮ್ಮನ್ನ ಎಲ್ಲಾ ಸೆಮಿನಾರಿನಾಗ ನೋಡೀನಿ. ನೀವ ಅಧ್ಯಕ್ಷತೆ ವಹಿಸ್ಬೇಕು!"

"ನಾನು... ಸ್ವತಂತ್ರ..."

"ಅದಕ್ಕ ಸರ್! ನೀವು ಎಲ್ಲಾ ವಿಷಯದವರು!"

ಶಾಲು ಬಿತ್ತು, ಹಾರ ಬಿತ್ತು. ಪಿಯುಸಿ ಫೇಲ್ ಮಾಮಾ ವೇದಿಕಿ ಮ್ಯಾಲೆ, ಮುಂದ ಕುಂತವರೆಲ್ಲಾ ಡಾಕ್ಟರೇಟು! ಒಬ್ಬರು ಇರುವಿ ಬಗ್ಗೆ ಓದಿದ್ರು, ಒಬ್ಬರು ಜೋಗುಳದ ಬಗ್ಗೆ. ಮಾಮಾ ಎರಡಕ್ಕೂ ಒಂದ ನಮೂನಿ ತಲಿ ಅಲ್ಲಾಡಿಸಿದ. ಕಡೀಕ ಒಬ್ಬ ತರುಣಿ, ಬೀಜ ಭೂಮಿಯೊಳಗ ವರ್ಷಗಟ್ಟಲೆ ನಿದ್ದಿ ಹ್ಯಾಂಗ ಮಾಡ್ತಾವ ಅಂತ ಹೇಳಿದ್ಲು. ನನಗ ನಗಿ ತಡೀಲಿಲ್ಲ. ಯಾಕಂದ್ರ ಮಾಮಾನ ಮಾರಿ ಹಾಳಿಗಿಂತ ಬೆಳ್ಳಗಾಗಿತ್ತು. ಪ್ರಶ್ನೆ ಇಟ್ಟುಕೊಂಡು ಬಂದಾನ, ಅಧ್ಯಕ್ಷ ಆದಾವ ಹ್ಯಾಂಗ ಕೇಳ್ತಾನ? ಅಧ್ಯಕ್ಷ ಉತ್ತರ ಹೇಳಬೇಕು!

ಆಗ ಹಿಂದಿನ ಬಾಗಲಾ ತೆರೀತು.

ಅವ್ವ!

ಮನಿ ಸೀರಿ ಮ್ಯಾಲೇ ಬಂದಿದ್ಲು, ಮುಂಗೈಗೆ ಇನ್ನಾ ಜ್ವಾಳದ ಹಿಟ್ಟು ಹತ್ತಿತ್ತು. ಅಪ್ಪ ಕಲಬುರಗಿಯಿಂದ ಜಲ್ದಿ ತಿರುಗಿ ಬಂದಿದ್ದ, ಬಂದ್ ಅಂಗಡಿ ಮುಂದ ರೈತರ ಜೋಡಿ ನಿಂತಿದ್ದ. ಕೀಲಿ ಇದ್ದದ್ದು ಮಾಮಾನ ಕಿಸೇದಾಗ. ಮಾಮಾನ ಫೋನ್ ಬಂದ್. 'ನಾ ಹೋಗಿ ತರ್ತೀನಿ' ಅಂತ ಅವ್ವ ಸಿಕ್ಕ ಬಸ್ ಹತ್ಯಾಳ.

ನಾನು ಕುರ್ಚಿ ಕೆಳಗ ಅಡಗಿದೆ. ಮಂದಿ ನೋಡಾಕತ್ತಾರ, ಅವ್ವ ನಡುವಿನ ದಾರಿ ಹಿಡದು ವೇದಿಕಿ ತನಕ ಹೋದ್ಲು. ಕೈ ಚಾಚಿದ್ಲು.

"ಕೀಲಿ ಕೊಡು."

ಮಾಮಾ ಎದ್ದ. ಹಾರ ವಾರಿ ಆಗಿ ಒಂದ ಕಡಿ ಜೋತಿತ್ತು. ಆ ಚಾಚಿದ ಕೈಯಾಗ ಅಂವ ಕೀಲಿ ಇಡಲಿಲ್ಲ. ಮೈಕ್ ಇಟ್ಟ.

"ಅಕ್ಕಾ, ಬೀಜದ ಪಾಠ ಈಗರ ಮುಗೀತು. ಪ್ರಶ್ನೆ ನಿಂದಲ್ಲ? ಎಲ್ಲಾ ಪ್ರಶ್ನೆ ನಿನ್ನವ ಅಲ್ಲ? ಇವತ್ತ ನೀನ ಕೇಳು."

ಮೈಕ್ ಚಾಲೂ ಇತ್ತು. ಎಲ್ಲಾರಿಗೂ ಕೇಳಿಸ್ತು.

ಅಷ್ಟರಾಗ ಅವ್ವನ ಫೋನ್ ಬಡೀತು. ಅಪ್ಪ! ಅವ್ವ ಕಿವಿಗೆ ಹಿಡದು, ಇನ್ನೊಂದು ಕೈಯಾಗ ಮೈಕ್ ಇದ್ದದ್ದು ಮರತು ಹೇಳಿದ್ಲು, "ಕೀಲಿ ಸಿಕ್ಕದರಿ. ಊಟದ ಹೊತ್ತಿಗೆ ತರ್ತೀನಿ. ಇಲ್ರಿ, ಅಂವ ಊರಿಗೆ ಹೋಗೂದಿಲ್ಲ. ಅಂವ ಹೋದ್ರ ನಾನೂ ಹೋಗ್ತೀನಿ. ಈಗ ಇಡ್ರಿ, ನನ್ನ ಪಾಳಿ ಬಂದದ."

ಬೀಜದ ತರುಣಿ ನಕ್ಕೋತ ಅಂದ್ಲು, "ಕೇಳ್ರಿ ಮೇಡಂ. ಮೊದಲ ಯಾವ ಕಾಲೇಜು ಹೇಳ್ರಿ."

ನಾನು ಕುರ್ಚಿ ಕೆಳಗಿಂದ ಹೊರಗ ಬಂದೆ. ಅವ್ವ ನನ್ನ ನೋಡಿದ್ಲು. ಬೈತಾಳ ಅನ್ಕೊಂಡೆ. ಬೈಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರಸಿ, ಮೈಕ್ ಬಾಯಿಗೆ ಹಿಡದ್ಲು.

"ಬಿ.ಎಸ್ಸಿ., ಎರಡನೇ ವರ್ಷ," ಅಂದ್ಲು.